ಫೋನ್ ಠಾಣೆಗೆ ಹೋದರೂ ಹಣ ಕೊಂಡವರಿಗೆ ಬರಬೇಕು

ಮಾನ್ಯ ಸಂಪಾದಕರೇ,

‘ರೀಫರ್ಬಿಶ್ಡ್’ (ಸರಿಪಡಿಸಿ ಮತ್ತೆ ಮಾರುವ ಹಳೆಯದು) ಎಂದು ಹನ್ನೆರಡೋ ಹದಿನೈದೋ ಸಾವಿರ ಕೊಟ್ಟು ತಂದ ಫೋನು. ಎರಡು ಮೂರು ತಿಂಗಳಾದ ಮೇಲೆ ಯಾವುದೋ ಊರಿನ ಠಾಣೆಯಿಂದ ಕರೆ: ‘ನಿಮ್ಮ ಕೈಲಿರೋದು ಕಳವು ಮಾಲು, ತಂದು ಒಪ್ಪಿಸಿ.’ ಹೆದರಿದವರು ಕೊಟ್ಟು ಬರುತ್ತಾರೆ, ಒಂದು ಚೀಟಿಯನ್ನೂ ಕೇಳುವುದಿಲ್ಲ. ಆಮೇಲೆ ಅಂಗಡಿಗೆ ಹೋದರೆ ‘ಆ ಫೋನು ನಾವೇ ಮಾರಿದ್ದು ಅನ್ನೋಕೆ ಏನು ಸಾಕ್ಷಿ?’ ಎಂಬ ಪ್ರಶ್ನೆ. ಕಾನೂನು ಕೊಂಡವರ ಪರವಾಗಿ ಇದ್ದೂ ಹಣ ಮುಳುಗುವುದು ಬಹುಮಟ್ಟಿಗೆ ಆ ಒಂದು ಚೀಟಿ ಇಲ್ಲದ್ದರಿಂದ.

ಕರೆ ಬರುವ ದಾರಿ ಇದು. ಫೋನ್ ಕಳೆದುಕೊಂಡವರು ಠಾಣೆಗೆ ದೂರು ಕೊಟ್ಟು, ದೂರಸಂಪರ್ಕ ಇಲಾಖೆಯ ಸಿಇಐಆರ್ ಎಂಬ ವ್ಯವಸ್ಥೆಯಲ್ಲಿ ಅದರ ಐಎಂಇಐ, ಅಂದರೆ ಫೋನನ್ನು ಗುರುತಿಸುವ 15 ಅಂಕಿಗಳ ಸಂಖ್ಯೆ, ದಾಖಲಿಸುತ್ತಾರೆ. ಆ ಸಂಖ್ಯೆ ಎಲ್ಲ ಕಂಪನಿಗಳ ನೆಟ್‌ವರ್ಕ್‌ನಲ್ಲೂ ಬ್ಲಾಕ್ ಆಗುತ್ತದೆ. ಆ ಫೋನಿಗೆ ಯಾರಾದರೂ ಸಿಮ್ ಹಾಕಿದರೆ ಆ ನಂಬರಿನ ವಿವರ ಠಾಣೆಗೆ ತಲುಪುತ್ತದೆ. 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಪೋರ್ಟಲ್ ಬಂದ ಮೇಲೆ ಈ ಸೌಲಭ್ಯ ದೇಶದ ಎಲ್ಲರಿಗೂ ಸಿಕ್ಕಿದೆ. ಫೋನ್ ಕಳೆದುಕೊಂಡವರಿಗೆ ಇದು ದೊಡ್ಡ ಉಪಕಾರ. ಆದರೆ ಇದರಲ್ಲಿ ಮೊದಲು ಕಾಣಿಸುವ ಹೆಸರು ಕದ್ದವನದ್ದಲ್ಲ, ಕೊನೆಗೆ ಕೊಂಡವರದ್ದು.

ಕೊಂಡ ಮಾತ್ರಕ್ಕೆ ಯಾರೂ ಅಪರಾಧಿ ಆಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ, ಕಳವು ಮಾಲು ಎಂದು ತಿಳಿದು, ಅಥವಾ ಹಾಗೆ ನಂಬಲು ಕಾರಣ ಇದ್ದೂ, ಅಪ್ರಾಮಾಣಿಕವಾಗಿ ಪಡೆದವರಿಗೆ ಮೂರು ವರ್ಷದವರೆಗೆ ಶಿಕ್ಷೆ. ಮಾರುಕಟ್ಟೆ ದರಕ್ಕೆ ಅಂಗಡಿಯಲ್ಲಿ ಬಿಲ್ ಪಡೆದು ಕೊಂಡವರಿಗೆ ಇದು ಅನ್ವಯಿಸದು. ನಲವತ್ತು ಸಾವಿರದ ಫೋನನ್ನು ಬಿಲ್ ಇಲ್ಲದೆ ಐದು ಸಾವಿರಕ್ಕೆ ಕೊಂಡರೆ ಮಾತ್ರ ‘ನಂಬಲು ಕಾರಣ ಇತ್ತು’ ಎನ್ನುವುದಕ್ಕೆ ಎಡೆಯಾಗುತ್ತದೆ. ನೋಟಿಸ್ ಬಂದರೆ ಕಲಂ ನೋಡಿ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 179 ಎಂದಿದ್ದರೆ ನಿಮ್ಮನ್ನು ಕರೆದಿರುವುದು ಸಾಕ್ಷಿಯಾಗಿ, 35(3) ಎಂದಿದ್ದರೆ ಆರೋಪಿಯ ನೆಲೆಯಲ್ಲಿ, ಆಗ ವಕೀಲರೊಬ್ಬರನ್ನು ಕಂಡೇ ಹೋಗುವುದು ಒಳ್ಳೆಯದು.

ಬರೀ ಫೋನ್ ಕರೆಯಾದರೆ ಮೊದಲು ಅದು ನಿಜವೇ ಎಂದು ಖಚಿತಪಡಿಸಿಕೊಳ್ಳಬೇಕು. ಪೊಲೀಸರ ಹೆಸರಲ್ಲಿ ವಂಚಿಸುವವರು ಬಹಳ ಇದ್ದಾರೆ. ಠಾಣೆಯ ಸ್ಥಿರ ದೂರವಾಣಿ ಸಂಖ್ಯೆಯನ್ನು ಇಲಾಖೆಯ ಜಾಲತಾಣದಲ್ಲಿ ನೀವೇ ಹುಡುಕಿ, ಕರೆ ಮಾಡಿ, ಅಧಿಕಾರಿಯ ಹೆಸರು ಮತ್ತು ಪ್ರಕರಣದ ಸಂಖ್ಯೆ ಕೇಳಿ. ದೂರದ ಠಾಣೆಯವರು ‘ಕೊರಿಯರ್ ಮಾಡಿ’ ಎನ್ನುವುದುಂಟು. ಅದರ ಬದಲು ನಿಮ್ಮ ಹತ್ತಿರದ ಠಾಣೆಯಲ್ಲಿ ಒಪ್ಪಿಸಲು ಅವಕಾಶ ಕೇಳಿ. ಕಳಿಸಲೇಬೇಕಾದರೆ ಠಾಣಾಧಿಕಾರಿಯ ಹೆಸರಿಗೆ ಪತ್ರ ಇಟ್ಟು, ಫೋನಿನ ಮತ್ತು ಐಎಂಇಐ ಪರದೆಯ ಫೋಟೊ ತೆಗೆದುಕೊಂಡು, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಉಳಿಸಿಕೊಳ್ಳಿ.

ಒಪ್ಪಿಸುವ ಮುನ್ನ ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ಫೋಟೊ, ಸಂಪರ್ಕ ಸಂಖ್ಯೆಗಳನ್ನು ನಕಲು ಮಾಡಿಕೊಂಡು, ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳಿಂದ ಹೊರಬನ್ನಿ. ಆದರೆ ತನಿಖಾಧಿಕಾರಿಯ ಒಪ್ಪಿಗೆ ಇಲ್ಲದೆ ಫ್ಯಾಕ್ಟರಿ ರೀಸೆಟ್ ಮಾಡಬೇಡಿ, ಸಾಕ್ಷ್ಯ ಅಳಿಸಿದಿರಿ ಎಂಬ ಮಾತಿಗೆ ಆಸ್ಪದ ಕೊಟ್ಟಂತಾಗುತ್ತದೆ. ಠಾಣೆಯಲ್ಲಿ ಮುಖ್ಯವಾಗಿ ಕೇಳಬೇಕಾದ್ದು ಜಪ್ತಿ ಮಹಜರಿನ, ಅಂದರೆ ಫೋನ್ ವಶಪಡಿಸಿಕೊಂಡ ದಾಖಲೆಯ, ಪ್ರತಿ. ಅದು ಸಿಗದಿದ್ದರೆ ಠಾಣೆಯ ಮೊಹರಿನ ಸ್ವೀಕೃತಿ ಅಥವಾ ಹಿಂಬರಹ. ಅದರಲ್ಲಿ ಫೋನಿನ ಮಾದರಿ, ಎರಡು ಸಿಮ್‌ನ ಫೋನಾದರೆ ಎರಡೂ ಐಎಂಇಐ, ಅಪರಾಧ ಸಂಖ್ಯೆ, ದಿನಾಂಕ, ‘ಇಂಥವರಿಂದ ಪಡೆಯಲಾಗಿದೆ’ ಎಂಬ ಮಾತು ಇರಬೇಕು. ಕೊಡಲು ಒಪ್ಪದಿದ್ದರೆ ನೀವೇ ಎರಡು ಪ್ರತಿಯಲ್ಲಿ ಪತ್ರ ಬರೆದು ಫೋನ್ ಒಪ್ಪಿಸಿ, ಒಂದಕ್ಕೆ ಮೊಹರು ಹಾಕಿಸಿಕೊಳ್ಳಿ.

ಇನ್ನು ಹಣದ ಮಾತು. 1930ರ ಸರಕುಗಳ ಮಾರಾಟ ಕಾಯ್ದೆಯ 27ನೇ ಕಲಂ ಪ್ರಕಾರ, ಮಾರಿದವನಿಗೆ ಇಲ್ಲದ ಒಡೆತನ ಕೊಂಡವನಿಗೆ ಬಾರದು. ಹಾಗಾಗಿ ಫೋನ್ ಮೂಲ ಮಾಲೀಕರದ್ದೇ. ಅದನ್ನು ಉಳಿಸಿಕೊಳ್ಳಲು ಜಗಳವಾಡುವುದು ವ್ಯರ್ಥ. ಆದರೆ ಅದೇ ಕಾಯ್ದೆಯ 14ನೇ ಕಲಂ, ಮಾರುವ ಹಕ್ಕು ತನಗಿದೆ ಎಂದು ಮಾರಾಟಗಾರ ಬಾಯಿಬಿಟ್ಟು ಹೇಳದಿದ್ದರೂ ಹೇಳಿದಂತೆಯೇ ಎನ್ನುತ್ತದೆ. ಆ ಷರತ್ತು ಮುರಿದುಬಿದ್ದಾಗ ಕೇಳಬೇಕಾದ್ದು ಕೊಟ್ಟ ಪೂರ್ತಿ ಹಣ. ‘ನಮಗೂ ಗೊತ್ತಿರಲಿಲ್ಲ’ ಎಂಬುದು ಅಂಗಡಿಯವರನ್ನು ಕಳವಿನ ಆರೋಪದಿಂದ ಪಾರುಮಾಡಬಹುದು, ಹಣ ವಾಪಸ್ ಕೊಡುವ ಹೊಣೆಯಿಂದ ಪಾರುಮಾಡದು. ಬಿಲ್ಲಿನ ‘ಗ್ಯಾರಂಟಿ ಇಲ್ಲ’ ಎಂಬ ಮುದ್ರೆ ಫೋನಿನ ಗುಣಮಟ್ಟದ ಮಾತು, ಒಡೆತನದ ಮಾತಲ್ಲ. ತಮಗೆ ಮಾರಿದವನನ್ನು ಹುಡುಕಿ ವಸೂಲು ಮಾಡಿಕೊಳ್ಳುವುದು ಅಂಗಡಿಯವರ ಕೆಲಸ.

ಬಿಲ್, ಯುಪಿಐ ವಹಿವಾಟು ಸಂಖ್ಯೆ, ಠಾಣೆಯ ಸ್ವೀಕೃತಿಯ ನಕಲು ಲಗತ್ತಿಸಿ 15 ದಿನದ ಗಡುವಿನ ನೋಟಿಸನ್ನು ನೀವೇ ಬರೆದು ಕಳಿಸಬಹುದು. ಆ್ಯಪ್‌ನಲ್ಲಿ ಕೊಂಡಿದ್ದರೆ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ: 2020ರ ಇ–ಕಾಮರ್ಸ್ ನಿಯಮಗಳಂತೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ‘ನಾವು ಮಧ್ಯವರ್ತಿ ಅಷ್ಟೇ’ ಎಂದರೆ ಮಾರಾಟಗಾರರ ಹೆಸರು, ವಿಳಾಸವನ್ನು ಲಿಖಿತವಾಗಿ ಕೇಳಿ. ಕೊಡುವುದು ಅವರ ಕರ್ತವ್ಯ. ಜತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಬಹುದು. ಯಾವುದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಅಂಗಡಿ ಎಲ್ಲೇ ಇರಲಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇ–ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ದೂರು ಕೊಡಲು ಇರುವ ಅವಧಿ ಎರಡು ವರ್ಷ. ಫೋನಿನ ಬೆಲೆ, ಬಡ್ಡಿ, ಮಾನಸಿಕ ವೇದನೆಗೆ ಪರಿಹಾರ, ದೂರಿನ ಖರ್ಚು, ಇವನ್ನು ಬೇರೆಬೇರೆಯಾಗಿ ಕೇಳಿ. ಒಂದು ಎಚ್ಚರಿಕೆ: ವ್ಯಾಪಾರಿಯಲ್ಲದ ವ್ಯಕ್ತಿಯಿಂದ ನೇರವಾಗಿ ಕೊಂಡಿದ್ದರೆ ಗ್ರಾಹಕರ ಆಯೋಗದ ದಾರಿ ಇಲ್ಲ, ಸಿವಿಲ್ ದಾವೆಯೇ ಗತಿ. ಬರೀ ಬೆಲೆ ನೋಡಿ ಕೊಳ್ಳುವವರು ಈ ವ್ಯತ್ಯಾಸಕ್ಕೂ ಒಂದು ಬೆಲೆ ಕಟ್ಟಬೇಕು.

ಕೊಳ್ಳುವಾಗ *#06# ಒತ್ತಿದರೆ ಐಎಂಇಐ ಕಾಣುತ್ತದೆ. ಕೆವೈಎಂ (KYM) ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಬ್ಲ್ಯಾಕ್‌ಲಿಸ್ಟ್, ಡೂಪ್ಲಿಕೇಟ್ ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂದು ಬಂದರೆ ಆ ಫೋನ್ ಬೇಡ. ಸರಿಯಿದೆ ಎಂದು ಬಂದರೂ ಅದು ಆ ಕ್ಷಣದ ಮಾಹಿತಿ ಮಾತ್ರ: ಕಳೆದುಕೊಂಡವರು ಇನ್ನೂ ದೂರು ಕೊಟ್ಟಿರದಿದ್ದರೆ ಕಳವಿನ ಫೋನೂ ಸರಿಯಾಗಿಯೇ ಕಾಣುತ್ತದೆ. ಡಬ್ಬಿಯ ಮೇಲಿನ ಸಂಖ್ಯೆಗೂ ಪರದೆಯ ಸಂಖ್ಯೆಗೂ ತಾಳೆಯಾಗದಿದ್ದರೆ ಡಬ್ಬಿ ಬೇರೆ ಫೋನಿನದ್ದು, ಇಲ್ಲವೇ ಮದರ್‌ಬೋರ್ಡ್ ಬದಲಾಗಿದೆ. ಆದ್ದರಿಂದ ನಿಜವಾದ ರಕ್ಷಣೆ ಐಎಂಇಐ ಮುದ್ರಿಸಿದ ಬಿಲ್ಲೇ. ‘ಬಿಲ್ ಬೇಕಾದರೆ ಶೇ 18 ಜಿಎಸ್‌ಟಿ ಜಾಸ್ತಿ’ ಎನ್ನುವ ಅಂಗಡಿಯವರಿಗೆ ಗೊತ್ತಿರಲಿ: ಹೂಡುವಳಿ ತೆರಿಗೆಯ (ತಾನು ಕೊಳ್ಳುವಾಗ ಕೊಟ್ಟ ತೆರಿಗೆಯ) ಲಾಭ ಪಡೆಯದ ಹಳೆ ವಸ್ತುಗಳ ವ್ಯಾಪಾರಿಗೆ ತೆರಿಗೆ ಬೀಳುವುದು ಕೊಂಡ ದರಕ್ಕೂ ಮಾರಿದ ದರಕ್ಕೂ ಇರುವ ಅಂತರದ ಮೇಲೆ ಮಾತ್ರ. 9,000ಕ್ಕೆ ಕೊಂಡು 12,000ಕ್ಕೆ ಮಾರಿದರೆ 3,000ದ ಮೇಲೆ ಶೇ 18, ಅಂದರೆ 540 ರೂಪಾಯಿ. ಬಿಲ್ ಕೊಡದಿರುವುದು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಎಂದೇ ದಾಖಲಾಗಿದೆ.

ಕಳೆದುಹೋದ ಫೋನುಗಳನ್ನು ಮಾಲೀಕರಿಗೆ ಮರಳಿಸುವ ಸಮಾರಂಭಗಳ ಚಿತ್ರಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಆ ಫೋನುಗಳಲ್ಲಿ ಎಷ್ಟೋ ಇನ್ನೊಬ್ಬರು ದುಡಿದ ಹಣ ಕೊಟ್ಟು ಕೊಂಡವು. ಅವರ ಕೈಗೊಂದು ಸ್ವೀಕೃತಿ ಕೊಡಲು ಠಾಣೆಗೆ ಹತ್ತು ನಿಮಿಷ ಸಾಕು. ಫೋನ್ ಪಡೆಯುವಾಗ ಕೇಳದೆಯೇ ಆ ಸ್ವೀಕೃತಿ ಕೊಡುವಂತೆ, ಅದರ ಕೆಳಗೆ 1915 ಸಂಖ್ಯೆಯನ್ನೂ ಅಚ್ಚು ಹಾಕಿಸುವಂತೆ ರಾಜ್ಯ ಪೊಲೀಸ್ ಇಲಾಖೆ ಎಲ್ಲ ಠಾಣೆಗಳಿಗೆ ಸುತ್ತೋಲೆ ಹೊರಡಿಸಲಿ.

– ಗ್ರಾಹಕ ಹಕ್ಕುಗಳ ಸಲಹಾ ಕಾರ್ಯಕರ್ತರು, ಬೆಂಗಳೂರು