ಸೇನಾಪತಿಗೊಂದು ಪತ್ರ, ಜೋಡಿ ರಿಯಾಯಿತಿಯ ಬಗ್ಗೆ

ಪ್ರಿಯ ಸೇನಾಪತಿ,

ಹೆಸರು ಹಾಕಬೇಡ, ಉಳಿದದ್ದು ಏನು ಬೇಕಾದರೂ ಬರೆದುಕೋ ಎಂದೆಯಲ್ಲ, ಅದಕ್ಕೇ ಈ ಧೈರ್ಯ. ರಾಮನಗರದ ಕೊಡೆಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಹೋದ ತಿಂಗಳು ಮೈಸೂರಿನ ಮದುವೆಗೆ ಹೊರಟಾಗ, ಮದ್ದೂರಿನಲ್ಲಿ ಬಸ್ಸು ನಿಂತದ್ದೇ ತಡ, ನೀನು ಕೈಚೀಲ ಹಿಡಿದು ಇಳಿದು ಓಡಿದೆ. ನಾನು ಎರಡು ವಡೆ ಹಿಡಿದು ಕಾಯುತ್ತ ನಿಂತೆ. ಗಂಜಿ ಹಾಕಿದ ಬಿಳಿ ಪಂಚೆಯ ಮನುಷ್ಯ ಮದುವೆಗೂ ಕಪ್ಪು ಪ್ಯಾಂಟಿನಲ್ಲಿ ಬಂದದ್ದು ಏಕೆಂದು ಆಗ ಹೊಳೆಯಿತು: ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಆದ ಮೇಲೆ ನಿನಗೆ ಮೂತ್ರ ತಡೆಯಲಾಗುತ್ತಿಲ್ಲ. ವಾಪಸು ಬಂದು ವಡೆ ಮುರಿಯುತ್ತ ನೀನು, ‘ಅವತ್ತು ನೀನು ಎಳೆದುಕೊಂಡು ಹೋಗದಿದ್ದರೆ ನಾನು ಉಳಿಯುತ್ತಿರಲಿಲ್ಲ’ ಎಂದೆ. ನನ್ನ ವಡೆ ಗಂಟಲಲ್ಲೇ ನಿಂತಿತು.

ಲ್ಯಾಬಿಗೆ ತಪಾಸಣೆಗೆಂದು ಎಳೆದುಕೊಂಡು ಹೋದದ್ದು ನಿಜ, ಇಬ್ಬರು ಬಂದರೆ ರಿಯಾಯಿತಿ ಎಂಬ ಆಸೆಗೆ. ರಕ್ತ ಕೊಟ್ಟು, ಇಡ್ಲಿ ತಿಂದು ಬಂದೆವು. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಪಿಎಸ್‌ಎ ಎಂಬ ಅಂಶ ಹೆಚ್ಚಿದ್ದರೆ ಕ್ಯಾನ್ಸರಿನ ಅನುಮಾನ; ನನ್ನದು 1.2, ನಿನ್ನದು 6.8. ಆಮೇಲೆ ಬಯಾಪ್ಸಿ, ಕ್ಯಾನ್ಸರಿನ ಉಗ್ರತೆ ಅಳೆಯುವ ಗ್ಲೀಸನ್ ಅಂಕ 7, ಎರಡೇ ತಿಂಗಳಲ್ಲಿ ಆಪರೇಷನ್.

ಮದುವೆಯಿಂದ ಬಂದವನು ಓದಲು ಕುಳಿತೆ. ಕೂರಬಾರದಿತ್ತು. ಯುರೋಪಿನ ಎಂಟು ದೇಶಗಳಲ್ಲಿ 1,60,000ಕ್ಕೂ ಹೆಚ್ಚು ಗಂಡಸರನ್ನು 23 ವರ್ಷ ಗಮನಿಸಿದ ಅಧ್ಯಯನದ ಲೆಕ್ಕ 2025ರಲ್ಲಿ ಬಂದಿದೆ. ತಪಾಸಣೆಗೆ ಕರೆಸಿಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಸಾವು ಶೇ 13ರಷ್ಟು ಕಡಿಮೆ. ಜೀವ ಉಳಿದಿದೆ, ಸುಳ್ಳಲ್ಲ. ಆದರೆ 456 ಜನರನ್ನು ಕರೆದು, ಹೆಚ್ಚಿಗೆ 12 ಜನರಿಗೆ ಕ್ಯಾನ್ಸರ್ ಇದೆ ಎಂದು ಹೇಳಿದಾಗ ತಪ್ಪುವ ಸಾವು ಒಂದೇ ಒಂದು. ಉಳಿದ ಹನ್ನೊಂದರಲ್ಲಿ ಬಹಳಷ್ಟು ಮಂದಿ ಅದರ ಸುದ್ದಿಯೇ ಇಲ್ಲದೆ ಬಾಳಿ, ಬೇರೆ ಯಾವುದಕ್ಕೋ ಸಾಯುತ್ತಿದ್ದರೇನೋ. ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ ಆಪರೇಷನ್, ವಿಕಿರಣ, ಬರೀ ನಿಗಾ, ಮೂರರಲ್ಲೂ 15 ವರ್ಷದ ಬಳಿಕ ಈ ರೋಗಕ್ಕೆ ಬಲಿಯಾದವರು ನೂರಕ್ಕೆ ಸುಮಾರು ಮೂವರು. ನಿಗಾದಲ್ಲಿದ್ದವರಲ್ಲಿ ರೋಗ ಹರಡಿದ್ದು ಮಾತ್ರ ಹೆಚ್ಚು.

ನೀನು ಆ ಒಬ್ಬನೋ, ಹನ್ನೊಂದರಲ್ಲಿ ಒಬ್ಬನೋ? ಯಾವ ವೈದ್ಯರೂ ಹೇಳಲಾರರು. ಆ ಒಬ್ಬನಾದರೆ ನಾನು ಪ್ರಾಣದಾತ. ಅಲ್ಲವಾದರೆ ರಿಯಾಯಿತಿಯ ಆಸೆಗೆ ನಿನ್ನ ಪಂಚೆ ಕಿತ್ತುಕೊಂಡವನು. ನೀನು ಕೃತಜ್ಞತೆ ಹೇಳಿದಾಗಲೆಲ್ಲ ಮಾತು ತಿರುಗಿಸುವುದು ಅದಕ್ಕೇ.

ಇನ್ನೊಂದಿದೆ. ಎರಡು ವರದಿಯೂ ನನ್ನ ಮೊಬೈಲಿಗೇ ಬಂದಿದ್ದವು. ನಿನಗೆ ಫೋನ್ ಮಾಡುವ ಮೊದಲು ಒಂದು ಲೋಟ ಕಾಫಿ ಮಾಡಿಕೊಂಡೆ. ‘ಸದ್ಯ, ನನ್ನದಲ್ಲ’ ಎಂದುಕೊಂಡು, ಎರಡು ಚಮಚ ಸಕ್ಕರೆ ಹಾಕಿ, ನಿಧಾನವಾಗಿ ಕುಡಿದೆ. ಇದನ್ನು ಬರೆಯಲು ಕುಳಿತಿರಲಿಲ್ಲ.

ಇರಲಿ. ಲ್ಯಾಬಿನವರಿಂದ ಮತ್ತೆ ಸಂದೇಶ ಬಂದಿದೆ, ಅದೇ ಜೋಡಿ ರಿಯಾಯಿತಿ. ಆಪರೇಷನ್ ಆದರೂ ನೀನು ಆರು ತಿಂಗಳಿಗೊಮ್ಮೆ ಪಿಎಸ್‌ಎ ನೋಡಿಸಲೇಬೇಕಲ್ಲ. ನಾನು ಬರುವುದು ಇಡ್ಲಿಗೆ. ತೋಳು ಚಾಚುವುದೋ ಬಿಡುವುದೋ ಅಲ್ಲಿಗೆ ಹೋದ ಮೇಲೆ ನೋಡೋಣ. ಮಳೆ ಬಂದರೆ ಕೊಡೆ ನೀನೇ ತರಬೇಕು.

ನಿನ್ನ
ಖಜಾಂಚಿ