ಆ ಎಸೆತದ ಕುರ್ಚಿ ಕಲಬುರಗಿ ಕ್ರೀಡಾಂಗಣದಲ್ಲೂ ಇರಲಿ

ಮಾನ್ಯ ಸಂಪಾದಕರೇ,

ನಾನು ಶಹಾಬಾದ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಪಿ.ಟಿ. ಮಾಸ್ತರ್. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫರ್ಸಿ ಕಲ್ಲಿನ ಗಣಿಯಲ್ಲಿ ಲಾರಿಗೆ ಕಲ್ಲು ತುಂಬುವಾಗ ಬಿದ್ದ. ಬೆನ್ನುಹುರಿಗೆ ಪೆಟ್ಟಾಯಿತು. ಈಗ ವೀಲ್‌ಚೇರ್ ಮೇಲಿದ್ದಾನೆ. ಶಾಲೆಯಲ್ಲಿದ್ದಾಗ ಗುಂಡು ಎಸೆತದಲ್ಲಿ ಹೆಸರು ಮಾಡಿದ್ದ ಹುಡುಗ ಅವನು. ತೋಳಿನ ಕಸುವು ಈಗಲೂ ಹಾಗೇ ಇದೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಅನ್ನು ಮೊಬೈಲಿನಲ್ಲಿ ನೋಡಿ ನನಗೆ ಫೋನ್ ಮಾಡಿದ. "ಸರ, ನಾನೂ ಕುಂತು ಒಗೀತೀನ್ರಿ" ಅಂದ.

ಕುಳಿತು ಎಸೆಯುವವರಿಗೆ ಬೇರೆಯದೇ ಕುರ್ಚಿ ಬೇಕು. ಮೇಲಿನ ದಿಂಬೂ ಸೇರಿ ಸೀಟಿನ ಎತ್ತರ 75 ಸೆಂ.ಮೀ. ದಾಟಬಾರದು. ಇನ್ನೊಂದು ಕೈಯಲ್ಲಿ ಹಿಡಿಯಲು ಒಂದು ಕಂಬಿ ಇಡಬಹುದು, ಅದು ಬಾಗಬಾರದು. ಆಟಗಾರನನ್ನು ಕುರ್ಚಿಗೆ ಬಿಗಿಯಬಹುದು, ಕುರ್ಚಿಯನ್ನು ನೆಲಕ್ಕೆ ಬಿಗಿಯಬೇಕು. ಕಲಬುರಗಿಯಲ್ಲಿ ಅಂಥದ್ದು ಎಲ್ಲಿ ಹುಡುಕಿದರೂ ನಮಗೆ ಸಿಗಲಿಲ್ಲ. ಕೊನೆಗೆ ಒಂದು ವೆಲ್ಡಿಂಗ್ ಅಂಗಡಿಗೆ ಹೋದೆವು. ಅಂಗಡಿಯವರು ಹಳೆಯ ಪೈಪು ಕತ್ತರಿಸಿ, ಅಳತೆ ನೋಡಿಕೊಂಡು ಎರಡು ದಿನದಲ್ಲಿ ಮಾಡಿಕೊಟ್ಟರು. ಕೂಲಿ ತಗೊಳ್ಳಲಿಲ್ಲ. ಮೊದಲ ದಿನ ಹುಡುಗ ಜೋರಾಗಿ ಎಸೆದಾಗ ಹಿಂದಿನ ಎರಡು ಕಾಲು ನೆಲ ಬಿಟ್ಟು ಎದ್ದವು, ಕುರ್ಚಿ ಮುಗ್ಗರಿಸಿತು. ನನ್ನ ಜೀವ ಹೋದಂತಾಯಿತು. ಮರುದಿನ ಮೈದಾನದಲ್ಲಿ ನಾಲ್ಕು ಕಬ್ಬಿಣದ ಗೂಟ ಹೊಡೆದು, ಲಾರಿಯವರು ಲೋಡಿಗೆ ಬಿಗಿಯುವ ಬೆಲ್ಟ್ ತಂದು ಕಟ್ಟಿದೆವು. ಆಮೇಲೆ ಅಲುಗಾಡಲಿಲ್ಲ. ನಾಲ್ಕು ಕೆ.ಜಿ. ಗುಂಡನ್ನು ಆರು ತಿಂಗಳು ದಿನಾ ಬೆಳಿಗ್ಗೆ ಎಸೆದ.

ನಂತರ ಒಂದು ಆಯ್ಕೆ ಕೂಟಕ್ಕೆ ಬೆಂಗಳೂರಿಗೆ ಹೋದೆವು. ಕಲಬುರಗಿಯಿಂದ 550 ಕಿ.ಮೀ.ಗಿಂತ ಜಾಸ್ತಿ ದೂರ. ರೈಲಿನ ತುದಿಯಲ್ಲಿ ಅಂಗವಿಕಲರ ಬೋಗಿ ಇತ್ತು. ಅದರಲ್ಲಿ ಬೇರೆಯವರೇ ತುಂಬಿದ್ದರು. ಅವನ ಅಪ್ಪ ಮೂರು ದಿನದ ಕೂಲಿ ಬಿಟ್ಟು ಜೊತೆಗೆ ಬಂದಿದ್ದರು. ಅಲ್ಲಿ ಮೇಜಿನ ಹಿಂದೆ ಕುಳಿತವರು ಅವನ ಕಾಗದ ನೋಡಿ ವಾಪಸ್ ಕಳಿಸಿದರು. ಯುಡಿಐಡಿ ಎಂಬ ಸರ್ಕಾರದ ಅಂಗವಿಕಲರ ಗುರುತಿನ ಕಾರ್ಡ್ ಇತ್ತು, ಅಂಗವೈಕಲ್ಯ ಶೇಕಡಾ ಎಷ್ಟು ಎಂದು ಬರೆದ ಪ್ರಮಾಣಪತ್ರವೂ ಇತ್ತು. ಅವರು ಕೇಳಿದ್ದು ಬೆನ್ನಿನ ಎಂಆರ್‌ಐ ಮತ್ತು ಯಾವ ಸ್ನಾಯು ಎಷ್ಟು ಕೆಲಸ ಮಾಡುತ್ತದೆ ಎಂದು ವೈದ್ಯರು ಬರೆದ ಪತ್ರ. ಅದು ಬೇಕು ಎಂದು ನಮಗೆ ಮೊದಲೇ ಯಾರೂ ಹೇಳಿರಲಿಲ್ಲ. ಅವನು ಒಂದು ಸಲವೂ ಗುಂಡು ಮುಟ್ಟದೆ ಊರಿಗೆ ಬಂದ.

ಅವತ್ತಿನಿಂದ ನಾನು ಈ ವಿಷಯ ಓದಿ, ಕೇಳಿ ತಿಳಿದುಕೊಂಡೆ. ನನ್ನಂಥ ಮಾಸ್ತರುಗಳಿಗೆ, ಪಾಲಕರಿಗೆ ಇದು ಗೊತ್ತಾಗಬೇಕು. ಸರ್ಕಾರದ ಕಾರ್ಡಿನಲ್ಲಿರುವ ಶೇಕಡಾ ಲೆಕ್ಕ ಪಿಂಚಣಿಗೆ, ಬಸ್ ಪಾಸಿಗೆ ಆಗುತ್ತದೆ. ಪ್ಯಾರಾ ಕ್ರೀಡೆಯಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಕ್ಲಾಸಿಫಿಕೇಶನ್ ಎಂಬುದಿದೆ, ಅಂದರೆ ದೇಹ ಎಷ್ಟು ಕೆಲಸ ಮಾಡುತ್ತದೆ ಎಂದು ನೋಡಿ ಆಟಗಾರರನ್ನು ಬೇರೆ ಬೇರೆ ಕ್ಲಾಸಿಗೆ ಹಾಕುವುದು. ಒಂದೊಂದು ಸ್ನಾಯುವಿನ ಬಲವನ್ನು ಸೊನ್ನೆಯಿಂದ ಐದರವರೆಗೆ ಅಳೆಯುತ್ತಾರೆ. ಸೊಂಟ, ಬೆನ್ನಿನ ಹಿಡಿತ ಇಲ್ಲದೆ ತೋಳಿನ ಬಲದಲ್ಲೇ ಎಸೆಯುವವನದು ಎಫ್ 54 ಎಂಬ ಕ್ಲಾಸು. ಹಿಡಿತ ಸ್ವಲ್ಪ ಇದ್ದರೆ ಎಫ್ 55. ದೇಹದ ಶಕ್ತಿ ಇನ್ನೂ ಹೆಚ್ಚಿದ್ದರೆ 56, 57. ಯಾವ ಕ್ಲಾಸಿಗೆ ಬೀಳುತ್ತಾನೆ ಎಂಬುದರ ಮೇಲೆ ಅವನ ಎದುರಾಳಿ ಯಾರು, ಎಷ್ಟು ದೂರ ಎಸೆದರೆ ತಂಡಕ್ಕೆ ಸೇರಬಹುದು ಎಂಬುದೆಲ್ಲ ನಿಂತಿದೆ. ದೇಶದೊಳಗೆ ಕ್ಲಾಸ್ ಸಿಕ್ಕರೂ ಮುಗಿಯಲಿಲ್ಲ, ಅಂತರರಾಷ್ಟ್ರೀಯ ಕೂಟದಲ್ಲಿ ಮತ್ತೆ ಪರೀಕ್ಷೆ ಮಾಡುತ್ತಾರೆ. ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ವಿನೋದ್ ಕುಮಾರ್ ಡಿಸ್ಕಸ್‌ನಲ್ಲಿ ಮೂರನೆಯವರಾಗಿ ಬಂದರೂ, ಆ ಕ್ಲಾಸಿಗೆ ಸೇರುವುದಿಲ್ಲ ಎಂದು ಕಂಚು ಕೈತಪ್ಪಿತು. ಅಷ್ಟು ದೊಡ್ಡ ಮಟ್ಟದಲ್ಲೇ ಹೀಗಾದರೆ, ಹಳ್ಳಿಯ ಹುಡುಗನಿಗೆ ಮೊದಲ ದಿನವೇ ಸರಿಯಾದ ಕಾಗದ ಯಾವುದೆಂದು ಹೇಳುವವರು ಬೇಕಲ್ವಾ?

ರಾಷ್ಟ್ರೀಯ ತಂಡಕ್ಕೆ ಬೆಂಬಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಹೋದವರು 10 ಜನ. ಬಂದದ್ದು ಒಂದೇ ಪದಕ, ಅದು ನಮ್ಮ ಹಾಸನ ಜಿಲ್ಲೆಯ ಗಿರೀಶ ಅವರ ಎತ್ತರ ಜಿಗಿತದ ಬೆಳ್ಳಿ. ಪ್ಯಾರಿಸ್‌ಗೆ 84 ಜನ ಹೋಗಿ 29 ಪದಕ ತಂದರು. ಪದಕ ಗೆಲ್ಲುವ ಭರವಸೆಯಿರುವ ಆಟಗಾರರಿಗೆ ನೆರವು ಕೊಡುವ ಕೇಂದ್ರದ 'ಟಾಪ್ಸ್' ಯೋಜನೆಯ ಮುಖ್ಯ ಪಟ್ಟಿಯಲ್ಲಿ ಹೆಸರಿದ್ದರೆ ತಿಂಗಳಿಗೆ 50,000 ರೂಪಾಯಿ ಕೈಖರ್ಚು, ತರಬೇತಿ, ಸಲಕರಣೆ ಸಿಗುತ್ತದೆ. ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದವರಿಗೆ ಕೇಂದ್ರ 75 ಲಕ್ಷ ಕೊಟ್ಟಿತು. ಎಲ್ಲ ಒಳ್ಳೆಯದೇ. ಆದರೆ ಇದೆಲ್ಲ ಹೆಸರು ಪಟ್ಟಿಗೆ ಸೇರಿದ ಮೇಲೆ. ಶಹಾಬಾದಿನಿಂದ ಆ ಪಟ್ಟಿಯವರೆಗಿನ ದಾರಿಯನ್ನು ಯಾರು ನೋಡಿಕೊಳ್ಳುತ್ತಾರೆ?

ಹರಿಯಾಣದ ಸೋನಿಪತ್ ನೋಡಿ. ಅಲ್ಲಿನ ಧರಂಬೀರ್ ಕಾಲುವೆಗೆ ಹಾರಿದಾಗ ತಳದ ಕಲ್ಲಿಗೆ ಬಡಿದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು. ಅವರಿಗೆ ಕ್ಲಬ್ ಥ್ರೋ, ಅಂದರೆ ಸಣ್ಣ ಗದೆಯಂಥ ಮರದ ತುಂಡು ಎಸೆಯುವುದನ್ನು ಕಲಿಸಿದ್ದು ಅದೇ ಸ್ಪರ್ಧೆಯ ಹಿರಿಯ ಆಟಗಾರ ಅಮಿತ್ ಸರೋಹಾ. ಪ್ಯಾರಿಸ್ ಫೈನಲ್‌ನಲ್ಲಿ ಗುರು, ಶಿಷ್ಯ ಇಬ್ಬರೂ ಇದ್ದರು. ಗುರು ಕೊನೆಯವರಾದರು, ಶಿಷ್ಯ 34.92 ಮೀಟರ್ ಎಸೆದು ಚಿನ್ನ ತಂದರು. ಬರೆಯುವಾಗಲೂ ನನಗೆ ಗಂಟಲು ಕಟ್ಟುತ್ತದೆ. ಆ ಊರಿನಲ್ಲಿ ಗೊತ್ತಿರುವ ಒಬ್ಬರು ಇದ್ದರು, ಅಷ್ಟೇ. ನಮ್ಮ ಊರಿನಲ್ಲಿ ಇರಲಿಲ್ಲ.

ಸಂಘಟನೆ ಕೆಟ್ಟರೆ ಏನಾಗುತ್ತದೆ ಎಂಬುದನ್ನೂ ದೇಶ ಕಂಡಿದೆ. 2015ರಲ್ಲಿ ಗಾಜಿಯಾಬಾದ್‌ನ ರಾಷ್ಟ್ರೀಯ ಪ್ಯಾರಾ ಕೂಟದಲ್ಲಿ ಆಟಗಾರರಿಗೆ ಸರಿಯಾದ ವಸತಿಯಿಲ್ಲ, ಶೌಚಾಲಯವಿಲ್ಲ ಎಂದು ದೊಡ್ಡ ಸುದ್ದಿಯಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ನಮ್ಮ ದೇಶದ ಪ್ಯಾರಾಲಿಂಪಿಕ್ ಸಮಿತಿಯನ್ನು ಅಮಾನತಿನಲ್ಲಿಟ್ಟಿತು. ಅದು ತೆರವಾಗಲು 2016 ಬರಬೇಕಾಯಿತು. ಕಷ್ಟಪಟ್ಟವರು ಆಟಗಾರರು.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ರಾಜ್ಯ ಕೂಟಕ್ಕೆ ಮುಂಚೆ ವರ್ಷಕ್ಕೊಮ್ಮೆ ಕಲಬುರಗಿಯಲ್ಲಿ ಎರಡು ದಿನದ ಕ್ಲಾಸಿಫಿಕೇಶನ್ ಶಿಬಿರ ನಡೆಯಲಿ. ಬೀದರ್, ಯಾದಗಿರಿಯವರೂ ಬರುತ್ತಾರೆ. ತಜ್ಞರು ನಾಲ್ಕು ಜನ ರೈಲು ಹತ್ತಿ ಇಲ್ಲಿಗೆ ಬರುವುದು ಸುಲಭವೋ, ವೀಲ್‌ಚೇರ್‌ನ ನಲವತ್ತು ಮಕ್ಕಳು ಬೆಂಗಳೂರಿಗೆ ಹೋಗುವುದು ಸುಲಭವೋ? ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಎರಡು ಎಸೆತದ ಕುರ್ಚಿ, ಅವುಗಳನ್ನು ಬಿಗಿಯಲು ಒಂದು ಕಾಂಕ್ರೀಟ್ ಕಟ್ಟೆ ಇರಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಿಸುತ್ತಾರೆ. ಅದರಲ್ಲಿ ಈ ಖರ್ಚು ಕಣ್ಣಿಗೂ ಬೀಳುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಂ ಕ್ರೀಡೆಯಲ್ಲಿ ಇವರಿಗೆ ಪಾಲು ಕೊಡುವುದು ಸರ್ಕಾರದ ಕೆಲಸ ಎಂದು ಹೇಳುತ್ತದೆ. ಇನ್ನೊಂದು ಮಾತು. ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯಲ್ಲಿ ಯಾರಿದ್ದಾರೆ ಎಂದು ಅವರಷ್ಟು ತಿಳಿದವರಿಲ್ಲ. ಯಾವ ಕಾಗದ ಬೇಕು ಎಂದು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಅವರ ಕೈಗೆ ಕೊಟ್ಟರೂ ಸಾಕು, ಅರ್ಧ ಕೆಲಸ ಆಗುತ್ತದೆ.

ನಮ್ಮ ಹುಡುಗ ಎಂಆರ್‌ಐ ಮಾಡಿಸಿಕೊಂಡಿದ್ದಾನೆ, ವೈದ್ಯರ ಪತ್ರವೂ ಸಿಕ್ಕಿದೆ. "ಸರ, ಮತ್ತ ಯಾವಾಗ ಹೋಗೋದ್ರಿ?" ಎಂದು ಕೇಳುತ್ತಿರುತ್ತಾನೆ. ಮುಂದಿನ ಕೂಟಕ್ಕೆ ಮತ್ತೆ ಹೋಗುತ್ತೇವೆ. ಅಲ್ಲಿಯವರೆಗೆ ಆ ಕುರ್ಚಿ ನಮ್ಮ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿರುತ್ತದೆ. ಜಿಲ್ಲೆಯ ಯಾವ ಪಾಲಕರಿಗಾದರೂ, ಮಾಸ್ತರಿಗಾದರೂ ಬೇಕಿದ್ದರೆ ಬಂದು ಅಳತೆ ಬರೆದುಕೊಂಡು ಹೋಗಬಹುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ದೈಹಿಕ ಶಿಕ್ಷಕ
ಶಹಾಬಾದ, ಕಲಬುರಗಿ ಜಿಲ್ಲೆ