ಟೆಕಪೋದಲ್ಲಿ ಅಡ್ಡಗಂಬ ಎತ್ತಿದವರಿಗೆ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕಳೆದ ಏಪ್ರಿಲ್‌ನಲ್ಲಿ ಬಾಡಿಗೆಯ ಮೋಟರ್‌ಹೋಮ್‌ನಲ್ಲಿ (ಮಲಗಲು, ಅಡುಗೆಗೆ, ಶೌಚಕ್ಕೆ ವ್ಯವಸ್ಥೆಯಿರುವ ವಾಹನ) ಸುತ್ತುತ್ತಿದ್ದ ನಾವು ಟೆಕಪೋ ಸರೋವರದ ಬಳಿ ತಲುಪುವ ಹೊತ್ತಿಗೆ ಕತ್ತಲಾಗಿತ್ತು. ಶೌಚದ ಪೆಟ್ಟಿಗೆ ತುಂಬಿದೆಯೆಂದು ಸೂಚಿಸುವ ಕೆಂಪು ದೀಪ ಮಧ್ಯಾಹ್ನದಿಂದಲೇ ಉರಿಯುತ್ತಿತ್ತು. ಬಳಸಿದ ನೀರಿನ ತೊಟ್ಟಿಯೂ ತುಂಬಿ, ಪಾತ್ರೆ ತೊಳೆದ ನೀರು ಸ್ನಾನದ ಮೂಲೆಯ ಜಾಲರಿಯಿಂದ ಮೇಲೇರತೊಡಗಿತ್ತು. ಎಪ್ಪತ್ತು ದಾಟಿದ ಅಮ್ಮ ಶೌಚಕ್ಕೆ ಹೋಗಬೇಕಾದೀತೆಂಬ ಅಳುಕಿನಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಆ ಕೊಳಕು ನೀರನ್ನು ನೆಲಕ್ಕೆ ಬಿಡುವಂತಿಲ್ಲ, ಬಿಡಲೂಬಾರದು. ಹಿಮನದಿಯ ನೀರು ಸೇರುವ ಸರೋವರ ಪಕ್ಕದಲ್ಲೇ ಇತ್ತು.

ಅಲ್ಲಿ ಇಂಥ ವಾಹನಗಳು ತಂಗುವ ಕ್ಯಾಂಪಿನ ಕಚೇರಿ ಮುಚ್ಚಿತ್ತು, ನಾವು ಅಲ್ಲಿ ಜಾಗ ಕಾದಿರಿಸಿದವರೂ ಅಲ್ಲ. ಟಾರ್ಚ್ ಹಿಡಿದು ಬಂದ ಸಿಬ್ಬಂದಿಯ ಒಬ್ಬ ಹಿರಿಯ ಮಹಿಳೆ, ನಾನು ಹೇಳಿ ಮುಗಿಸುವ ಮೊದಲೇ ಅಡ್ಡಗಂಬ ಎತ್ತಿ, ಎಲ್ಲಕ್ಕಿಂತ ಮೊದಲು ಅಮ್ಮನನ್ನು ಕೈಹಿಡಿದು ಶೌಚಾಲಯದ ಕಟ್ಟಡಕ್ಕೆ ಕರೆದೊಯ್ದು, ಬಾಗಿಲಿನ ಸಂಕೇತಸಂಖ್ಯೆ ಒತ್ತಿ ತೆರೆದು, ಅವರು ಹೊರಬರುವವರೆಗೆ ಬೆಳಕು ಹಿಡಿದು ನಿಂತರು.

ಬಳಿಕ ನನಗೆ ಕೈಗವಸು ಕೊಟ್ಟು, ಸುಮಾರು 20 ಲೀಟರಿನ ಆ ಶೌಚದ ಪೆಟ್ಟಿಗೆಯ ಗಾಳಿ ಬಿಡುವ ಒತ್ತುಗುಂಡಿಯನ್ನು ಒತ್ತಿಹಿಡಿದು ಸುರಿದರೆ ಸಿಡಿಯುವುದಿಲ್ಲವೆಂದು ತೋರಿಸಿದರು. ಮೊದಲು ಅದನ್ನು ಖಾಲಿ ಮಾಡಿ ನಂತರ ಬಳಸಿದ ನೀರಿನ ತೊಟ್ಟಿಯನ್ನು ಬಿಟ್ಟರೆ ಸುರಿಯುವ ಜಾಗವೂ ತೊಳೆದುಹೋಗುತ್ತದೆಂದು ವಿವರಿಸಿದರು. ಅಲ್ಲಿನ ತೊಳೆಯುವ ನಲ್ಲಿಯಿಂದ ಕುಡಿಯುವ ನೀರು ತುಂಬಬಾರದೆಂದು ಎರಡು ಸಲ ಹೇಳಿದರು.

ಹಣ ಕೊಡಹೋದಾಗ ನನ್ನ ಕೈಯನ್ನು ಮೆಲ್ಲನೆ ಹಿಂದಕ್ಕೆ ಸರಿಸಿ, ಅಮ್ಮನಿಗೆ ಒಂದು ಲೋಟ ಬಿಸಿನೀರು ತಂದುಕೊಟ್ಟರು. ಅಮ್ಮ ಅದನ್ನು ಪೂರ್ತಿ ಕುಡಿದರು. ಆ ತಾಯಿಯ ಹೆಸರು ಕೇಳಲು ಆ ಹೊತ್ತಿನಲ್ಲಿ ತೋಚಲಿಲ್ಲ. ಅವರಿಗೆ ನಮ್ಮೆಲ್ಲರ ನಮಸ್ಕಾರ.